ಸ್ಟ್ಯಾಗ್ ಕಾರಿನ ನೀರು ಎಲ್ಲಿ ಹೋಯ್ತು?

ಅಪ್ಪನ ಟ್ರಯಂಫ್ ಸ್ಟ್ಯಾಗ್ ಈಗ ನನ್ನದು ಅಂತ ಬ್ರಿಟನ್ನಿನಲ್ಲಿ ಯಾರಾದರೂ ಹೇಳಿದರೆ, ಹಳೇ ಕಾರುಗಳ ಹುಚ್ಚಿರುವವರು ಮೊದಲು ವಿಚಾರಿಸುವುದು ಅದು ಬಿಸಿಯಾಗುತ್ತಾ ಅಂತಲೇ. 1970ರಲ್ಲಿ ಬಂದು 1977ರಲ್ಲಿ ನಿಂತ ಕಾರು ಇದು. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ನಾಲ್ಕು ಸೀಟು, ತೆಗೆಯಬಹುದಾದ ಟಾಪು, 3 ಲೀಟರಿನ ವಿ8 ಇಂಜಿನ್ (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್). ನೋಡಲು ಚೆಂದ, ಸದ್ದು ಇನ್ನೂ ಚೆಂದ. ತಯಾರಾದದ್ದು 25,877 ಮಾತ್ರ. ಹೆಸರು ಕೆಟ್ಟದ್ದು ಮುಖ್ಯವಾಗಿ ಇಂಜಿನ್ ಕುದಿಯುವ ಚಾಳಿಯಿಂದ.

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದನ್ನು ನೀರೇ ಹೊತ್ತು ರೇಡಿಯೇಟರ್‌ಗೆ ಸಾಗಿಸಬೇಕು. ನೀರು ಹರಿಯುವುದು ನಿಂತರೆ ಕೆಲವೇ ನಿಮಿಷಗಳಲ್ಲಿ ಇಂಜಿನ್ ಹಾಳು.

ಸ್ಟ್ಯಾಗ್‌ನಲ್ಲಿ ವಾಟರ್ ಪಂಪ್ ಇಂಜಿನ್ನಿನ ನೆತ್ತಿಯ ಮೇಲೆ, ಎರಡು ಸಿಲಿಂಡರ್ ಸಾಲುಗಳ ನಡುವೆ ಕೂತಿದೆ. ಬೇರೆ ಕಾರಿನಲ್ಲಿ ಸ್ವಲ್ಪ ನೀರು ಕಡಿಮೆಯಾದರೂ ಪಂಪ್ ಮುಳುಗೇ ಇರುತ್ತದೆ. ಇಲ್ಲಿ ಹಾಗಲ್ಲ. ಮಟ್ಟ ಇಳಿದರೆ ಮೊದಲು ಗಾಳಿ ಸೇರುವುದೇ ಪಂಪಿಗೆ. ಅದು ಸುಮ್ನೆ ಗಾಳಿಯಲ್ಲಿ ತಿರುಗುತ್ತಿರುತ್ತದೆ, ನೀರು ನಿಂತಲ್ಲೇ ಕುದಿಯುತ್ತದೆ. ಇನ್ನೊಂದು ಮೋಸ ಡ್ಯಾಶ್‌ಬೋರ್ಡಿನ ಬಿಸಿ ತೋರಿಸುವ ಮುಳ್ಳಿನದು. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಸುತ್ತಲಿನ ನೀರು ಖಾಲಿಯಾದರೆ, ಇಂಜಿನ್ ಬೇಯುತ್ತಿರುವಾಗಲೂ ಮುಳ್ಳು ಕೆಳಗೇ ಇರಬಹುದು. ಹಾಗಾಗಿ ಮುಳ್ಳನ್ನು ನಂಬಿ ಕೂರುವುದಕ್ಕಿಂತ, ತಣ್ಣಗಿರುವಾಗ ಮುಚ್ಚಳ ತೆಗೆದು ನೀರು ನೋಡುವುದು ವಾಸಿ.

ಆ ಮುಚ್ಚಳವೂ ಸಾಮಾನ್ಯದ್ದಲ್ಲ. ಕುಕ್ಕರಿನ ವೆಯ್ಟ್‌ನಂತೆ ಅದು ಒತ್ತಡ ಹಿಡಿದಿಡುತ್ತದೆ. ವಾತಾವರಣದ ಎರಡರಷ್ಟು ಒತ್ತಡವಿದ್ದರೆ ನೀರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಒಣಗಿ ಬಿರುಕುಬಿಟ್ಟಿದ್ದರೆ 100ಕ್ಕೇ ಕುದಿಯುತ್ತದೆ. ಇಂಜಿನ್ ಬಿಚ್ಚುವ ಮೊದಲು ಮುಚ್ಚಳ ಬದಲಿಸಿ. ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಕಾಯಿಲೆ ಬೇರೆ. ಸ್ಟ್ಯಾಗ್‌ನ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಮುಖ್ಯ ಭಾಗ, ಎರಕದ ಕಬ್ಬಿಣದ್ದು; ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಎರಡು ಲೋಹ, ನಡುವೆ ನೀರು ಅಂದರೆ ಒಂದು ಪುಟ್ಟ ಬ್ಯಾಟರಿ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಇದನ್ನು ತಡೆಯಲು ನೀರಿಗೆ ಬೆರೆಸುವ ಕೂಲಂಟ್‌ನಲ್ಲಿ ರಾಸಾಯನಿಕಗಳಿರುತ್ತವೆ, ಆದರೆ ಕೆಲವು ವರ್ಷಗಳಲ್ಲಿ ಅವು ಸವೆದುಹೋಗುತ್ತವೆ. ಬರೀ ನಲ್ಲಿ ನೀರು ತುಂಬಿಸಿದ್ದರಂತೂ ಕೇಳಲೇಬೇಡಿ. ತುಕ್ಕಿನ ಚೂರುಗಳು ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಹೋಗಿ ಕೂರುತ್ತವೆ. ಕೆಲವು ಸ್ಟ್ಯಾಗ್‌ಗಳ ಬ್ಲಾಕಿನೊಳಗೆ ಎರಕ ಹೊಯ್ಯುವಾಗ ಬಳಸಿದ ಮರಳೂ ಉಳಿದಿತ್ತು! ಅದಕ್ಕೇ ರೇಡಿಯೇಟರ್ ಒಂದನ್ನೇ ತೊಳೆದರೆ ಸಾಲದು. ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ, ತೂತಿಗೆ ತಂತಿ ಹಾಕಿ ಕೆದಕಬೇಕು. ಪ್ಲಗ್ ತೆಗೆದರೂ ನೀರು ತೊಟ್ಟಿಕ್ಕದಿದ್ದರೆ ಒಳಗೆ ಕೆಸರು ಗಟ್ಟಿಯಾಗಿದೆ ಅಂತಲೇ ಲೆಕ್ಕ.

ನಮ್ಮ ಕಡೆ ಗ್ಯಾರೇಜುಗಳಲ್ಲಿ ಬಿಸಿ ಜಾಸ್ತಿಯಾದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಕಿತ್ತು ಬಿಸಾಕುವ ರೂಢಿ ಇದೆ, ಅಲ್ವಾ? ನನಗೆ ಇದು ಒಪ್ಪಿಗೆಯಿಲ್ಲ. ಅನೇಕ ಇಂಜಿನ್‌ಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ಬಿಸಿ ನೀರಿನ ಒಂದು ಭಾಗ ರೇಡಿಯೇಟರ್ ಮುಟ್ಟದೆ ವಾಪಸ್ ಬರುತ್ತದೆ. ಪರೀಕ್ಷೆ ಸುಲಭ. ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ಇಳಿಬಿಡಿ. ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಡಿಗ್ರಿ ಅಂತ ಅಚ್ಚಾಗಿದ್ದರೆ ಆ ಸುಮಾರಿಗೆ ಒಳಗಿನ ಮೇಣ ಕರಗಿ ಹಿಗ್ಗಿ, ಬಾಗಿಲು ಮೆಲ್ಲಗೆ ತೆರೆಯುವುದು ಕಣ್ಣಿಗೇ ಕಾಣುತ್ತದೆ. ತೆರೆಯದಿದ್ದರೆ ಹೊಸದು ಹಾಕಿ.

ಇಷ್ಟಾದರೂ ನೀರು ಮಾಯವಾಗುತ್ತಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ತೆಳು ಹಾಳೆ) ಮೇಲೆ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ಕುದಿದ ಇಂಜಿನ್‌ನಲ್ಲಿ ಹೆಡ್ ಬಾಗಿರಬಹುದು, ಗ್ಯಾಸ್ಕೆಟ್ ಹರಿದಿರಬಹುದು. ಆದರೆ ಅವಸರದಲ್ಲಿ ಹೆಡ್‌ಗೆ ಕೈ ಹಾಕಬೇಡಿ. ಸ್ಟ್ಯಾಗ್‌ನಲ್ಲಿ ಹೆಡ್ ಹಿಡಿದಿರುವ ಸ್ಟಡ್‌ಗಳೂ (ಬ್ಲಾಕಿನಲ್ಲಿ ನೆಟ್ಟ ಕಂಬಿಗಳು) ಬೋಲ್ಟ್‌ಗಳೂ ಬೇರೆಬೇರೆ ಕೋನದಲ್ಲಿವೆ. ಬೋಲ್ಟ್ ಎಲ್ಲ ಬಿಚ್ಚಿದರೂ, ತುಕ್ಕು ಹಿಡಿದ ಸ್ಟಡ್‌ಗಳು ಹೆಡ್ಡನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಮೊದಲು ನೀಲಿ ದ್ರಾವಣದ ಪರೀಕ್ಷೆ ಮಾಡಿಸಿ. ನೀರಿನ ಮೇಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ, ಉರಿದ ಪೆಟ್ರೋಲಿನ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುತ್ತಿದೆ ಅಂತ ಅರ್ಥ. ಆಗ ಹೆಡ್ ತೆಗೆಯಲೇಬೇಕು. ನೀಲಿಯಾಗೇ ಉಳಿದರೆ ಮತ್ತೆ ಹೋಸ್, ಕ್ಲಿಪ್, ಪಂಪಿನ ಸೀಲ್ ಕಡೆ ಟಾರ್ಚ್ ಹಿಡಿದು ಹುಡುಕಿ.