ಟೊಮೆಟೊ ಹುಳುವಿನ ಲೆಕ್ಕ ಯೂರಿಯಾ ಮೂಟೆಯಲ್ಲೇ ಶುರು

ಶಿವಮೊಗ್ಗದಲ್ಲಿ ಯಾವ ಔಷಧಿ ಅಂಗಡಿಗೆ ಬೇಕಾದರೂ ಹೋಗಿ. ಮುದುಡಿದ ಟೊಮೆಟೊ ಎಲೆಯನ್ನೋ ತೂತು ಬಿದ್ದ ಕಾಯಿಯನ್ನೋ ಹಿಡಿದು ನಿಂತವರು ಒಬ್ಬರಾದರೂ ಸಿಗುತ್ತಾರೆ. "ಇದಕ್ಕೇನು ಹೊಡೀಬೇಕು?" ಅಂತ ಕೇಳುತ್ತಾರೆ, ಬಾಟಲಿ ಕೈಗೆ ಬರುತ್ತದೆ. ಯಾವ ಬೀಜ ಹಾಕಿದ್ರಿ, ಯೂರಿಯಾ ಎಷ್ಟು ಚೆಲ್ಲಿದ್ರಿ ಅಂತ ಕೇಳುವವರು ಕಡಿಮೆ. ಹೊಲಕ್ಕೆ ಎಷ್ಟು ಹುಳು ಬೀಳುತ್ತದೆ ಅನ್ನುವುದರಲ್ಲಿ ಈ ಎರಡರ ಪಾಲು ದೊಡ್ಡದು. ಔಷಧಿಯ ಮಾತು ಬರುವುದು ಆಮೇಲೆ.

ಮೊದಲು ಗಿಡವನ್ನೇ ನೋಡೋಣ. ಟೊಮೆಟೊ ಕುಡಿ ಚಿವುಟಿದವರಿಗೆ ಗೊತ್ತು, ಬೆರಳೆಲ್ಲ ಹಳದಿ ಹಸಿರಾಗುತ್ತದೆ. ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಸೋಪು ಹಾಕಿ ತೊಳೆದರೆ ನೊರೆಗೂ ಹಳದಿ ಬಣ್ಣ. ಕಾಂಡ, ಎಲೆಯ ಮೇಲಿನ ಸಣ್ಣ ರೋಮಗಳ ಕೆಲಸ ಅದು. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ರೋಮಗಳ ತುದಿಯಲ್ಲಿ ಪುಟ್ಟ ಗುಂಡು ಕಾಣುತ್ತದೆ. ಸಣ್ಣ ಕೀಟದ ಕಾಲು ತಾಗಿದರೆ ಗುಂಡು ಒಡೆದು ಅಂಟು ಹತ್ತುತ್ತದೆ. ಟೊಮೆಟೊ ಗಿಡದ ವಾಸನೆ ಅಂತ ನಾವು ಹೇಳುವುದೂ ಅಲ್ಲಿಂದಲೇ ಬರುವುದು. ಕೀಟದಿಂದ ಉಳಿದುಕೊಳ್ಳಲು ಗಿಡ ತಾನೇ ಮಾಡಿಕೊಂಡ ಏರ್ಪಾಡು.

ಟೊಮೆಟೊದ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆ. ಅದರ ಕಾಡು ನೆಂಟರು ಇವತ್ತಿಗೂ ಅಲ್ಲಿದ್ದಾರೆ. ಹಣ್ಣು ಸಣ್ಣದು, ಕೆಲವಂತೂ ಬಾಯಿಗಿಡಲು ಆಗದಷ್ಟು ಕಹಿ, ಆದರೆ ಅಂಥವುಗಳಲ್ಲಿ ರೋಮ ದಟ್ಟ. ಅಂಥ ಒಂದು ಕಾಡು ಟೊಮೆಟೊದ ರೋಮದಲ್ಲಿ 2-ಟ್ರೈಡೆಕನೋನ್ ಅನ್ನುವ ವಸ್ತು ಇದೆ, ಅದು ಕೀಟಗಳನ್ನು ಕೊಲ್ಲುತ್ತದೆ ಅಂತ ಅಮೆರಿಕದ ವಿಜ್ಞಾನಿಗಳು 1980ರಲ್ಲಿ ತೋರಿಸಿದರು. ಹಾಗಾದರೆ ನಮ್ಮ ತಳಿಗೆ ಆ ಗುಣ ತಂದರೆ ಮುಗೀತಲ್ವಾ? ಅಷ್ಟು ಸುಲಭ ಅಲ್ಲ. ಕಾಡು ಗಿಡದ ಜೊತೆ ಅಡ್ಡತಳಿ ಮಾಡಿದಾಗ ಬೇಕಾದ ಗುಣದ ಬೆನ್ನಿಗೆ ಸಣ್ಣ ಹಣ್ಣು, ಕೆಟ್ಟ ರುಚಿಯೂ ಬರುತ್ತವೆ. ರೋಮದ ಗುಣ ಒಂದೇ ಜೀನ್‌ನಲ್ಲಿ ಇಲ್ಲ, ಹಲವು ಕಡೆ ಹಂಚಿಹೋಗಿದೆ. ಮನುಷ್ಯ ಸಾವಿರಾರು ವರ್ಷ ದಪ್ಪ ಹಣ್ಣು, ಸಿಹಿ ಹಣ್ಣು ಅಂತ ಆರಿಸುತ್ತಾ ಬಂದಿದ್ದಾನೆ. ಗಿಡದ ರಕ್ಷಣೆ ಆ ದಾರಿಯಲ್ಲೇ ಸಡಿಲವಾಯಿತು.

ನಮ್ಮ ಕಡೆ ಬದಲಾವಣೆ ಜೋರಾಗಿದ್ದು 1970ರ ನಂತರ. ಅಲ್ಲಿವರೆಗೆ ಮಲೆನಾಡಿನ ಹಿತ್ತಲಲ್ಲಿದ್ದದ್ದು ಹುಳಿ ಜಾಸ್ತಿ ಇರುವ ನಾಟಿ ಟೊಮೆಟೊ. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ದೇಶದ ಮೊದಲ ಹೈಬ್ರಿಡ್ ಟೊಮೆಟೊ ಬಿಡುಗಡೆ ಮಾಡಿತು. ಅದರ ಹೆಸರು 'ಕರ್ನಾಟಕ'. ರಾಜ್ಯಕ್ಕೆ ಆ ಹೆಸರು ಬಂದದ್ದೂ ಅದೇ ವರ್ಷ. ಹೈಬ್ರಿಡ್ ಬೀಜದ ಬೆಲೆ ಜಾಸ್ತಿ, ಇಳುವರಿ ಜಾಸ್ತಿ, ಗೊಬ್ಬರದ ಹಸಿವೂ ಜಾಸ್ತಿ. ಬೀಜಕ್ಕೆ ಅಷ್ಟು ದುಡ್ಡು ಹಾಕಿದ ಮೇಲೆ ಗೊಬ್ಬರದಲ್ಲಿ ಕೈ ಹಿಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬೀಜ ಮತ್ತು ಗೊಬ್ಬರ ಒಂದಕ್ಕೊಂದು ಗಂಟು ಬಿದ್ದದ್ದು ಹೀಗೆ.

ತಳಿ ತಜ್ಞರು ಸುಮ್ಮನೆ ಕೂತಿರಲಿಲ್ಲ. ಅವರ ಮುಂದಿದ್ದ ದೊಡ್ಡ ತಲೆನೋವು ಎಲೆ ಮುದುಡು ರೋಗ. ವೈರಸ್‌ನಿಂದ ಬರುವ ಈ ರೋಗವನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. 1999ರಲ್ಲಿ ಕೋಲಾರದ ಟೊಮೆಟೊ ಹೊಲಗಳಲ್ಲಿ ಬಿಳಿನೊಣದ 'ಬಿ' ಬಗೆ ಸಿಕ್ಕಿತು. ಅದು ಹೊರಗಿನಿಂದ ಬಂದ, ಬೇಗ ಹೆಚ್ಚಾಗುವ ಜಾತಿ. ರೋಗ ಹೊಲಕ್ಕೆ ಹೊಲವನ್ನೇ ನುಂಗಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೋಗ ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ತಂದಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂತು. ಎಲೆ ಮುದುಡು, ದುಂಡಾಣು ಸೊರಗು, ಎಲೆ ಚುಕ್ಕೆ ಅಂಗಮಾರಿ, ಈ ಮೂರಕ್ಕೂ ತಡೆ ಇರುವ ಹೈಬ್ರಿಡ್ ಅದು. ಹುಳಿ ಮಣ್ಣಿನಲ್ಲಿ ಸೊರಗು ರೋಗ ಸಾಮಾನ್ಯ, ಹಾಗಾಗಿ ಮಲೆನಾಡಿಗೆ ಇದು ದೊಡ್ಡ ಸಮಾಧಾನ.

ಇಲ್ಲಿ ಒಂದು ವಿಷಯ ಬಹಳ ಜನ ತಪ್ಪು ತಿಳಿಯುತ್ತಾರೆ. ಈ ತಳಿಗಳು ತಡೆಯುವುದು ವೈರಸ್ಸನ್ನು, ಬಿಳಿನೊಣವನ್ನಲ್ಲ. ನೊಣ ಬಂದು ಕೂರುತ್ತದೆ, ರಸ ಹೀರುತ್ತದೆ, ಮೊಟ್ಟೆ ಇಡುತ್ತದೆ. ಗಿಡ ಮುದುಡುವುದಿಲ್ಲ, ಅಷ್ಟೇ. ಕಾಯಿಕೊರಕಕ್ಕಂತೂ ಪೂರ್ತಿ ತಡೆ ಇರುವ ತಳಿ ಅಂಗಡಿಯಲ್ಲಿ ಸಿಗುವುದಿಲ್ಲ. ತಳಿಯಿಂದ ತಳಿಗೆ ಹುಳು ಬೀಳುವುದರಲ್ಲಿ ಹೆಚ್ಚು ಕಡಿಮೆ ಇದೆ. ಸಿಪ್ಪೆಯ ದಪ್ಪ, ಹಣ್ಣಿನ ಹುಳಿ, ರೋಮದ ದಟ್ಟಣೆ ಇದಕ್ಕೆ ಕಾರಣ. ಆದರೆ ದೂರದ ಊರಿಗೆ ಲಾರಿಯಲ್ಲಿ ಕಳಿಸಲು ಗಟ್ಟಿ ಹಣ್ಣು ಬೇಕು ಅನ್ನುವವರಿಗೆ ರೋಮ ಎಷ್ಟಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಗೊಬ್ಬರಕ್ಕೆ ಬರೋಣ. ಗದ್ದೆ ಮಾಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಯೂರಿಯಾ ಜಾಸ್ತಿ ಬಿದ್ದು ಕಡು ಹಸಿರಾದ ಭತ್ತಕ್ಕೇ ಕಂದು ಜಿಗಿಹುಳು ಮೊದಲು ಹತ್ತುವುದು. ಟೊಮೆಟೊದಲ್ಲೂ ಕಥೆ ಅದೇ. ಗಿಡದ ರಸದಲ್ಲಿ ಸಕ್ಕರೆಗೆ ಬರವಿಲ್ಲ, ಕಡಿಮೆ ಇರುವುದು ಸಾರಜನಕ. ರಸ ಹೀರುವ ಬಿಳಿನೊಣ, ಹೇನುಗಳು ಅದಕ್ಕಾಗಿಯೇ ಬೇಕಾದ್ದಕ್ಕಿಂತ ಜಾಸ್ತಿ ಹೀರಿ, ಮಿಕ್ಕ ಸಕ್ಕರೆಯನ್ನು ಅಂಟಾಗಿ ಹೊರಗೆ ಬಿಡುತ್ತವೆ. ಎಲೆಯ ಮೇಲೆ ಆಮೇಲೆ ಮಸಿಯಂಥ ಬೂಷ್ಟು ಬೆಳೆಯುವುದು ಆ ಅಂಟಿನಲ್ಲೇ. ಯೂರಿಯಾ ಕೊಡುವುದು ಸಾರಜನಕವನ್ನೇ. ಅದು ಜಾಸ್ತಿಯಾದಾಗ ರಸದಲ್ಲಿ ಸಾರಜನಕ ಇರುವ ಅಮೈನೋ ಆಮ್ಲ ತುಂಬುತ್ತದೆ. ಕೀಟ ಬೇಗ ಬೆಳೆಯುತ್ತದೆ, ಮೊಟ್ಟೆ ಜಾಸ್ತಿ ಇಡುತ್ತದೆ. ಎಲೆ ಎಳಸಾಗಿ, ಮೆತ್ತಗಾಗಿ ಇರುವುದರಿಂದ ಬಾಯಿ ಹಾಕುವುದೂ ಸುಲಭ. ಕೀಟಕ್ಕೆ ಹಿಡಿಸದ ಫಿನಾಲ್‌ಗಳು ಅದೇ ಹೊತ್ತಿಗೆ ಕಡಿಮೆಯಾಗುತ್ತವೆ. ಸೊಂಪಾದ ಗಿಡ ಕಂಡರೆ ಕಾಯಿಕೊರಕದ ಪತಂಗಕ್ಕೂ ಮೊಟ್ಟೆ ಇಡಲು ಇಷ್ಟ.

ಪೊಟ್ಯಾಷ್ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. ಅಮೈನೋ ಆಮ್ಲವನ್ನು ಪ್ರೋಟೀನ್ ಮಾಡಲು ಗಿಡಕ್ಕೆ ಪೊಟ್ಯಾಷ್ ಬೇಕು. ಅದು ಸಾಲದಿದ್ದರೆ ರಸ ಕೀಟಕ್ಕೆ ರುಚಿಯಾಗಿಯೇ ಉಳಿಯುತ್ತದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಸಾರಜನಕವನ್ನು ನಿಧಾನಕ್ಕೆ ಬಿಡುತ್ತವೆ. ಗಿಡಕ್ಕೆ ಒಮ್ಮೆಲೇ ಸೊಕ್ಕು ಏರುವುದಿಲ್ಲ.

ಹಾಗಿದ್ದರೂ ಯೂರಿಯಾದ ಕೈಯೇ ಮೇಲಾದದ್ದು ಯಾಕೆ? ನನ್ನ ಪ್ರಕಾರ ರೈತನ ಅಜ್ಞಾನ ಇದಕ್ಕೆ ಕಾರಣ ಅನ್ನುವುದು ಅನ್ಯಾಯ. ಬೆಲೆ ನೋಡಿ. 2010ರ ಏಪ್ರಿಲ್‌ಗೆ ಮುಂಚೆ 50 ಕೆಜಿ ಪೊಟ್ಯಾಷ್ ಮೂಟೆಗೆ ಸುಮಾರು 223 ರೂಪಾಯಿ. ಆ ತಿಂಗಳು ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು. ರಂಜಕ, ಪೊಟ್ಯಾಷ್‌ಗಳ ಬೆಲೆ ಕಂಪನಿಗಳ ಕೈಗೆ ಹೋಯಿತು, ಯೂರಿಯಾ ಮಾತ್ರ ಸರ್ಕಾರದ ಹಿಡಿತದಲ್ಲಿ ಉಳಿಯಿತು. 2022ರಲ್ಲಿ ಪೊಟ್ಯಾಷ್ ಮೂಟೆ 1,700 ರೂಪಾಯಿಗೆ ಮುಟ್ಟಿತು. ಬೇವು ಲೇಪಿತ ಯೂರಿಯಾ 45 ಕೆಜಿ ಮೂಟೆಗೆ ಸುಮಾರು 266 ರೂಪಾಯಿ. ಸೊಸೈಟಿ ಮುಂದೆ ಸಾಲಲ್ಲಿ ನಿಂತವನು ಯಾವುದನ್ನು ಹೊತ್ತು ತರುತ್ತಾನೆ? ಇದಕ್ಕೆ ಎಕನಾಮಿಕ್ಸ್ ಓದಬೇಕಿಲ್ಲ.

ಮಲೆನಾಡಿನ ಮಳೆ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ಜಡಿಮಳೆಗೆ ಸಾರಜನಕವೂ ಪೊಟ್ಯಾಷೂ ತೊಳೆದು ಹೋಗುತ್ತವೆ. ಮಳೆ ನಿಂತ ಮೇಲೆ ಹಳದಿಯಾದ ಗಿಡ ಕಣ್ಣಿಗೆ ಬೀಳುತ್ತದೆ, ಒಂದು ಹಿಡಿ ಯೂರಿಯಾ ಬೀಳುತ್ತದೆ, ನಾಲ್ಕೇ ದಿನಕ್ಕೆ ಹಸಿರು. ಪೊಟ್ಯಾಷ್ ಕೊರತೆ ಹಾಗೆ ಬೇಗ ಕಾಣುವುದಿಲ್ಲ. ಹಳೇ ಎಲೆಯ ಅಂಚು ಸುಟ್ಟಂತಾದಾಗ ಗೊತ್ತಾದರೆ ತಡವಾಗಿರುತ್ತದೆ. ಜೋರು ಮಳೆಯಲ್ಲಿ ಬಿಳಿನೊಣ, ಥ್ರಿಪ್ಸ್, ಮೈಟ್ ನುಸಿಗಳ ಕಾಟ ಕಡಿಮೆ. ಅಂಗಮಾರಿ ಆ ಜಾಗ ತುಂಬುತ್ತದೆ, ಅದು ಬೇರೆ ಮಾತು. ಮಳೆ ಮುಗಿದ ಮೇಲೆ ನಾಟಿ ಮಾಡಿ ಫೆಬ್ರವರಿ, ಮಾರ್ಚ್ ಬಿಸಿಲಿಗೆ ಕಾಯಿ ಬಿಡುವ ಬೆಳೆಗೆ ಹೀರುವ ಕೀಟ ಜೋರು. ಆ ಬೆಳೆಗೇ ಯೂರಿಯಾ ಲೆಕ್ಕ ನೋಡಿ ಹಾಕಬೇಕು.

ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೂ ಹುಳು ಅಂತ ಔಷಧಿ ಹೊಡೆಯುವವರಿದ್ದಾರೆ. ಕತ್ತರಿಸಿ ನೋಡಿ, ಒಳಗೆ ಹುಳು ಇಲ್ಲ, ಹಿಕ್ಕೆ ಇಲ್ಲ. ಅದು ಕಾಯಿಗೆ ಸುಣ್ಣದ ಅಂಶ ತಲುಪದ ತೊಂದರೆ. ಹುಳಿ ಮಣ್ಣು, ಅತಿಯಾದ ಯೂರಿಯಾ, ನೀರಿನ ಏರುಪೇರು ಸೇರಿದರೆ ಜಾಸ್ತಿ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿದರೆ ಆ ಬಾಟಲಿಯ ದುಡ್ಡು ಉಳಿಯುತ್ತದೆ. ನಿಜವಾದ ಕಾಯಿಕೊರಕ ತಲೆಯನ್ನು ಕಾಯಿಯೊಳಗೆ ತೂರಿಸಿ, ಹಿಂಭಾಗವನ್ನು ಹೊರಗೇ ಬಿಟ್ಟುಕೊಂಡು ತಿನ್ನುತ್ತದೆ. ಒಂದೇ ಹುಳು ಹಲವು ಕಾಯಿ ಕೆಡಿಸುತ್ತದೆ.

ಅದಕ್ಕೆ ಹೆಸರಘಟ್ಟದವರು 1990ರ ದಶಕದಲ್ಲೇ ಒಂದು ಉಪಾಯ ಕೊಟ್ಟರು. 16 ಸಾಲು ಟೊಮೆಟೊಗೆ 1 ಸಾಲು ಚೆಂಡುಹೂವು. ಚೆಂಡುಹೂವಿನ ಸಸಿಗೆ 40 ದಿನ, ಟೊಮೆಟೊ ಸಸಿಗೆ 25 ದಿನ ಆದಾಗ ಒಟ್ಟಿಗೆ ನಾಟಿ ಮಾಡಬೇಕು. ಆಗ ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ, ಪತಂಗ ಚೆಂಡುಹೂವಿನ ಕಡೆ ಹೋಗುತ್ತದೆ. ಎರಡಕ್ಕೂ ಒಂದೇ ವಯಸ್ಸಿನ ಸಸಿ ಹಾಕಿದರೆ ಲೆಕ್ಕ ತಪ್ಪಿ ಚೆಂಡುಹೂವು ಸುಮ್ನೆ ಅಂದಕ್ಕೆ ನಿಲ್ಲುತ್ತದೆ. 2014ರಲ್ಲಿ ಮಹಾರಾಷ್ಟ್ರದ ಹೊಲಗಳಲ್ಲಿ ಮೊದಲು ಕಂಡು, ಬೇಗನೆ ಕರ್ನಾಟಕಕ್ಕೂ ಇಳಿದ ಟೂಟಾ ಹುಳುವಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಟೊಮೆಟೊ ಹುಟ್ಟಿದ ದಕ್ಷಿಣ ಅಮೆರಿಕದಿಂದಲೇ ಬಂದ ಅದು ಎಲೆಯೊಳಗೆ ಸುರಂಗ ಕೊರೆದು ಕೂರುತ್ತದೆ, ಕಾಯಿಗೂ ಸೂಜಿ ಮೊನೆಯಷ್ಟು ತೂತು ಹಾಕುತ್ತದೆ. ಅದಕ್ಕೆ ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಫೆರೋಮೋನ್ ಟ್ರ್ಯಾಪ್ ಕಟ್ಟಬೇಕು, ಹುಳು ಹತ್ತಿದ ಎಲೆ, ಕಾಯಿಗಳನ್ನು ಕಿತ್ತು ಬದುವಿನ ಮೇಲೆ ಬಿಸಾಡದೆ ಹೂಳಬೇಕು.