ಕಲ್ಲಿನ ಸಂದಿನ ಎಣ್ಣೆಗೆ ಬ್ಯಾಕ್ಟೀರಿಯಾದ ನೆರವು

ಬತ್ತಿಹೋಯಿತು ಅಂತ ಕೈಬಿಟ್ಟ ಕಚ್ಚಾ ಎಣ್ಣೆಯ ನಿಕ್ಷೇಪದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕೆಳಗೇ ಉಳಿದಿರುತ್ತದೆ. ಅದು ಮರಳುಗಲ್ಲಿನ ಕಣಗಳ ನಡುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡಿರುತ್ತದೆ. ಮೊದಮೊದಲು ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ನೂಕುತ್ತದೆ. ಒತ್ತಡ ಇಳಿದ ಮೇಲೆ ಒಂದು ಬಾವಿಯಿಂದ ನೀರು ಬಿಟ್ಟು, ಎಣ್ಣೆಯನ್ನು ಇನ್ನೊಂದು ಬಾವಿಯ ಕಡೆಗೆ ತಳ್ಳುತ್ತಾರೆ. ನೀರಿಗೋ ಸಲೀಸಾದ ದಾರಿಯೇ ಬೇಕು. ದೊಡ್ಡ ಸಂದು ಸಿಕ್ಕಿದರೆ ಅದರಲ್ಲೇ ಹರಿದು ಆಚೆ ಬಾವಿ ಸೇರುತ್ತದೆ. ಪಕ್ಕದ ಎಣ್ಣೆ ಅಲುಗುವುದೂ ಇಲ್ಲ.

ಇಲ್ಲಿ ಬ್ಯಾಕ್ಟೀರಿಯಾವನ್ನು ಕೆಲಸಕ್ಕೆ ಹಚ್ಚುವ ಯೋಚನೆ ಹೊಸದೇನಲ್ಲ. 1940ರ ದಶಕದಲ್ಲೇ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಝೋಬೆಲ್ ಇದರ ಪ್ರಯೋಗ ನಡೆಸಿದ್ದರು. 1954ರಲ್ಲಿ ಅರ್ಕನ್ಸಾ ರಾಜ್ಯದ ಎಣ್ಣೆ ಕ್ಷೇತ್ರವೊಂದಕ್ಕೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾವನ್ನು ಕಾಕಂಬಿಯ ಜೊತೆ ಇಳಿಸಿದರು. ಈ ಜೀವಿಗಳು ಕಾಕಂಬಿಯ ಸಕ್ಕರೆ ತಿಂದು ಆಮ್ಲ, ಗ್ಯಾಸ್, ದ್ರಾವಕಗಳನ್ನು ಬಿಡುತ್ತವೆ. ಕಲ್ಲಿನಲ್ಲಿ ಸುಣ್ಣಕಲ್ಲಿನ ಅಂಶವಿದ್ದರೆ ಆಮ್ಲ ಅದನ್ನು ಕರಗಿಸಿ ಸಂದು ಅಗಲ ಮಾಡುತ್ತದೆ. ಗ್ಯಾಸ್ ಎಣ್ಣೆಯಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ.

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ್ದು ಇನ್ನೊಂದು ದಾರಿ. ಅದು ತಯಾರಿಸುವ ಸರ್ಫ್ಯಾಕ್ಟಿನ್, ಪಾತ್ರೆಯ ಜಿಡ್ಡನ್ನು ಸೋಪು ಬಿಡಿಸುವ ಹಾಗೆ ಎಣ್ಣೆಯನ್ನು ಕಲ್ಲಿನಿಂದ ಬಿಡಿಸುತ್ತದೆ. ನೀರಿನ ಮೇಲ್ಮೈ ಸೆಳೆತ, ಅಂದರೆ ಅದರ ಮೇಲ್ಮೈಯನ್ನು ಬಿಗಿಯಾಗಿ ಹಿಡಿದಿಡುವ ಬಲ, ಮೀಟರಿಗೆ 72 ಮಿಲಿನ್ಯೂಟನ್. ಸರ್ಫ್ಯಾಕ್ಟಿನ್ ಚೂರು ಬೆರೆತರೂ ಅದು 27ರ ಆಸುಪಾಸಿಗೆ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುವುದು ದಾರಿ ಮುಚ್ಚುವ ಉಪಾಯ. ಒಳಗೆ ಬಿಟ್ಟ ಆಹಾರವೂ ನೀರಿನ ಜೊತೆ ದೊಡ್ಡ ಸಂದುಗಳಿಗೇ ಹೋಗುತ್ತದೆ ಅಲ್ವಾ? ಬ್ಯಾಕ್ಟೀರಿಯಾ ಅಲ್ಲೇ ಜಾಸ್ತಿ ಬೆಳೆದು, ಲೋಳೆ ಕಟ್ಟಿ, ಆ ದಾರಿಯನ್ನು ಅಡ್ಡಗಟ್ಟುತ್ತದೆ. ನೀರು ವಿಧಿಯಿಲ್ಲದೆ ಸಣ್ಣ ಸಂದುಗಳಿಗೆ ನುಗ್ಗಿ ಅಲ್ಲಿನ ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ. ಆದರೆ ಲೋಳೆ ನೀರು ಬಿಡುವ ಬಾವಿಯ ಬುಡದಲ್ಲೇ ಕಟ್ಟಿತೋ, ನೀರು ಒಳಗೇ ಇಳಿಯುವುದಿಲ್ಲ.

ತೊಂದರೆ ಇಷ್ಟೇ ಅಲ್ಲ. ಆಳ ಹೆಚ್ಚಿದಂತೆ ಬಿಸಿಯೂ ಏರುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕುವುದೇ ಕಷ್ಟ. ಬದುಕಿದವೆಲ್ಲ ಬೇಕಾದವೇ ಆಗಿರುತ್ತವೆ ಎಂದೂ ಇಲ್ಲ. ಸಮುದ್ರದ ನೀರು ಬಿಟ್ಟರೆ ಅದರ ಸಲ್ಫೇಟ್ ಬಳಸಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ವಿಷದ ಗ್ಯಾಸ್ ಅದು, ಪೈಪುಗಳನ್ನೂ ತಿನ್ನುತ್ತದೆ. ಇದಕ್ಕೆ ನೀರಿಗೆ ನೈಟ್ರೇಟ್ ಬೆರೆಸುವುದುಂಟು. ನೈಟ್ರೇಟ್ ಬಳಸುವ ಬ್ಯಾಕ್ಟೀರಿಯಾಗಳು ಮುಂದಾಗಿ, ಇರುವ ಆಹಾರವನ್ನು ತಾವೇ ಮುಗಿಸುತ್ತವೆ. ಬೇಡದ ಜೀವಿಗಳೂ ಇರಬಹುದಾದ್ದರಿಂದ, ಹೊಸ ಬ್ಯಾಕ್ಟೀರಿಯಾ ಇಳಿಸುವ ಮುಂಚೆ ಬಾವಿಯ ನೀರನ್ನು ತರಿಸಿ, ಅಲ್ಲಿ ಆಗಲೇ ಯಾವ ಜೀವಿಗಳಿವೆ ಅಂತ ಪರೀಕ್ಷಿಸುತ್ತಾರೆ. ಎಷ್ಟೋ ಕಡೆ ಹೊರಗಿನಿಂದ ಏನನ್ನೂ ಇಳಿಸದೆ, ಅಲ್ಲಿರುವವಕ್ಕೇ ಆಹಾರ ಕೊಟ್ಟು ಬೆಳೆಸುತ್ತಾರೆ.