ಸ್ಟಾರ್ ನೋಡಿ ಆಟ ಕೊಳ್ಳುವವರು ಯಾರು?

ಭಾನುವಾರ ಮಧ್ಯಾಹ್ನ ಇಂದಿರಾನಗರದ ಕಡೆ ಯಾವುದಾದರೂ ಬೋರ್ಡ್ ಗೇಮ್ ಕೆಫೆಗೆ ಹೋಗಿ ನೋಡಿ. ಆರು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕತೆ ಕಟ್ಟುತ್ತಿರುತ್ತಾರೆ. ಇದೇ ರೋಲ್‌ಪ್ಲೇಯಿಂಗ್ ಗೇಮ್. ಪುಸ್ತಕ ಮಾತ್ರ ಒಂದೇ, ಅದೂ ಆಟ ನಡೆಸುವವರದ್ದು. ರಿವ್ಯೂ ಓದಿ ಜನ ಇಂಥ ಆಟ ಕೊಳ್ತಾರಾ ಅನ್ನೋ ವಾದ ಹಳೆಯದು, ಆದರೆ ಇಲ್ಲಿ ಕೊಳ್ಳುವವರೇ ಆರರಲ್ಲಿ ಒಬ್ಬರು ಅಲ್ವಾ?

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಇಂಥದ್ದೇ ಆಟ ಬಂತು, ಆಮೇಲೆ ಆಟಗಳ ಪತ್ರಿಕೆಗಳು ಬಂದವು, 90ರ ದಶಕದಲ್ಲಿ ವಿಮರ್ಶೆ ಇಂಟರ್ನೆಟ್ಟಿಗೆ ಹೋಯಿತು. ನಿಜವಾದ ಗೊಂದಲ ಶುರುವಾದದ್ದು 2000ದಲ್ಲಿ. ಆ ಆಟದ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದು ಅನ್ನೋ ಲೈಸೆನ್ಸ್ ಬಂತು, ಅಂಗಡಿಗಳಲ್ಲಿ ಪುಸ್ತಕಗಳ ರಾಶಿ ಬಿತ್ತು, ಕಾಳು ಯಾವುದು ಜೊಳ್ಳು ಯಾವುದು ಹೇಳೋಕೆ ಯಾರಾದರೂ ಬೇಕಾಯಿತು.

ಆಮೇಲೆ ಆಟದ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಮಾರೋ ಪಿಡಿಎಫ್ ಅಂಗಡಿಗಳು. ಅಂಥದ್ದೊಂದು ಅಂಗಡಿ ಡ್ರೈವ್‌ಥ್ರೂ ಆರ್‌ಪಿಜಿಯಲ್ಲಿ ಆಟದ ಪಕ್ಕ ತಾಮ್ರ, ಬೆಳ್ಳಿ, ಚಿನ್ನದ ಪದಕ ಕಾಣುತ್ತೆ. ಅದು ಗುಣಕ್ಕೆ ಕೊಟ್ಟದ್ದು ಅಂದುಕೊಳ್ಳುವವರೇ ಜಾಸ್ತಿ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಬರೀ ಮಾರಾಟದ ಲೆಕ್ಕ. ಸುಮಾರು 50 ಪ್ರತಿ ಹೋದರೆ ತಾಮ್ರ! ಅಷ್ಟು ಸಣ್ಣ ಸಂತೆಯಲ್ಲಿ ಒಂದು ಒಳ್ಳೆ ರಿವ್ಯೂ ಹತ್ತು ಪ್ರತಿ ಮಾರಿಸಿದರೂ ದೊಡ್ಡದೇ. ಆದರೆ ರಿವ್ಯೂ ನೋಡಿ ಮಾರಾಟವಾಯಿತೋ, ಮಾರಾಟವಾದದ್ದಕ್ಕೆ ರಿವ್ಯೂ ಬಂತೋ, ಬಿಡಿಸೋದು ಕಷ್ಟ. ಜೊತೆಗೆ ಎಷ್ಟೋ ರಿವ್ಯೂಗಳು ಆಡದೇ, ಸುಮ್ನೆ ಓದಿ ಬರೆದವು. ಐದು ಸ್ಟಾರ್ ನಂಬಿ ಕೊಂಡ ಒಂದು ಆಟದಲ್ಲಿ ಮೊದಲ ಹೊಡೆದಾಟಕ್ಕೇ ನಮಗೆ ಎರಡು ಗಂಟೆ ಹಿಡಿಯಿತು.

ಹೋಟೆಲುಗಳ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವಿದೆ, 2011ರದ್ದು, ಸಿಯಾಟಲ್ ನಗರದ್ದು. ಗ್ರಾಹಕರು ರಿವ್ಯೂ ಬರೆಯೋ ಯೆಲ್ಪ್ ವೆಬ್‌ಸೈಟಿನಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರಿತ್ತು. ಆದರೆ ಊರೂರಲ್ಲಿ ಶಾಖೆ ಇರೋ ದೊಡ್ಡ ಹೋಟೆಲುಗಳಿಗೆ ಸ್ಟಾರ್ ಏರಿದರೂ ಇಳಿದರೂ ವ್ಯತ್ಯಾಸವಿಲ್ಲ. ಆಟಗಳ ಕತೆಯೂ ಹೀಗೇ ಅಂತ ನನ್ನ ಅಂದಾಜು. ಹೆಸರು ಗೊತ್ತಿರೋ ಆಟವನ್ನು ಸ್ಟಾರ್ ನೋಡಿ ಯಾರು ಕೊಳ್ತಾರೆ?

ದೊಡ್ಡ ಆಟಗಳನ್ನು ಅಲುಗಿಸೋದು ಬೇರೆಯೇ ಗಾಳಿ. 2023ರ ಜನವರಿಯಲ್ಲಿ ಆ ಹಳೆಯ ಲೈಸೆನ್ಸ್ ಬದಲಾಗುತ್ತೆ ಅನ್ನೋ ಸುದ್ದಿ ಸೋರಿತು. ಸಿಟ್ಟಾದ ಆಟಗಾರರು ಪ್ರತಿಸ್ಪರ್ಧಿ ಆಟದ ಕಡೆ ಹೊರಳಿದರು: ಎಂಟು ತಿಂಗಳಿಗೆ ಅಂತ ಇಟ್ಟಿದ್ದ ‘ಪಾತ್‌ಫೈಂಡರ್’ ಪುಸ್ತಕ ಎರಡೇ ವಾರದಲ್ಲಿ ಖಾಲಿ ಅಂತ ಅದರ ಪ್ರಕಾಶಕರು ಹೇಳಿದರು. ಅದಕ್ಕೆ ಯಾವ ರಿವ್ಯೂನೂ ಕಾರಣವಲ್ಲ.

ನಮ್ಮ ಗುಂಪಿನ ಮೆಚ್ಚಿನ ಸಣ್ಣ ಆಟ ಜಯನಗರದ ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪಿಡಿಎಫ್. ನಾಲ್ಕನೇ ಪುಟದಲ್ಲಿ ಕಾಫಿ ಲೋಟದ ಗುರುತಿದೆ. ಎರಡು ವರ್ಷದಿಂದ ಆಡುತ್ತಿದ್ದೇವೆ, ಅದಕ್ಕೆ ರಿವ್ಯೂ ಮಾತ್ರ ನಾನಿನ್ನೂ ಬರೆದಿಲ್ಲ.